ವ್ಯಾಧಿ, ದೇಹ ಮತ್ತು ಸಮಾಜ: 1896ರ ಮುಂಬಯಿ ಪ್ಲೇಗಿನ ಹಿನ್ನೆಲೆಯಲ್ಲಿ

ಕನ್ನಡದಲ್ಲಿ ಅಸ್ವಾಸ್ಥ್ಯವನ್ನು ಸೂಚಿಸಲು ಒಂದೇ ಮಾತಿಲ್ಲ. ರೋಗ, ವ್ಯಾಧಿ ಎಂಬ ಸಂಸ್ಕೃತ ಪದಗಳು ಗ್ರಂಥಗಳಲ್ಲಿಯೂ ವೈದ್ಯರ ಮಾತಿನಲ್ಲಿಯೂ ಇವೆ. ಬೇನೆ, ಜಡ್ಡು ಎಂಬುವು ಮನೆಯ ಮಾತುಗಳು. ಹೊರಗಿನಿಂದ ಬಂದ ಕಾಯಿಲೆ ಎಂಬ ಪದ ಇಂದು ನಮ್ಮದೇ ಆಗಿದೆ. ಇವಲ್ಲದೆ ಇನ್ನೂ ಕೆಲವು ಮಾತುಗಳಿವೆ. ಸಿಡುಬು ಎದ್ದಾಗ 'ಅಮ್ಮ ಬಂದಿದ್ದಾಳೆ' ಎಂದರು. ಕುಷ್ಠವನ್ನು ಹೆಸರು ಹಿಡಿದು ಹೇಳಲು ಹಿಂಜರಿದು 'ದೊಡ್ಡ ರೋಗ' ಎಂದರು. ಲೈಂಗಿಕ ಸಂಪರ್ಕದಿಂದ ಬರುವ ಬೇನೆಗಳನ್ನು 'ಗುಪ್ತರೋಗ' ಎಂಬ ಒಂದೇ ಹೊದಿಕೆಯಡಿ ಮುಚ್ಚಿದರು. ಹದಿನಾರನೆಯ ಶತಮಾನದ ವೈದ್ಯಗ್ರಂಥವಾದ 'ಭಾವಪ್ರಕಾಶ' ಆಗ ಹೊಸದಾಗಿ ಕಾಣಿಸಿಕೊಂಡಿದ್ದ ಅಂಥದೊಂದು ಬೇನೆಯನ್ನು 'ಫಿರಂಗ ರೋಗ' ಎಂದು ಕರೆಯಿತು. ಹಡಗಿನಲ್ಲಿ ಬಂದ ಪರಕೀಯನ ಹೆಸರೇ ರೋಗದ ಹೆಸರಾಯಿತು.

ಈ ಹೆಸರುಗಳಲ್ಲಿ ಯಾವುದೂ ಕೇವಲ ದೇಹದ ಸ್ಥಿತಿಯನ್ನು ಹೇಳುವುದಿಲ್ಲ. ಒಂದರಲ್ಲಿ ಭಕ್ತಿಯಿದೆ, ಒಂದರಲ್ಲಿ ಭಯವಿದೆ, ಒಂದರಲ್ಲಿ ನಾಚಿಕೆಯಿದೆ, ಮತ್ತೊಂದರಲ್ಲಿ ಪರರ ಮೇಲಿನ ಆರೋಪವಿದೆ. ರೋಗಾಣು ನಿಸರ್ಗದ್ದು, ಆದರೆ ರೋಗ ಎಂಬ ಅನುಭವ ಸಮಾಜದ್ದು. ಯಾರಿಗೆ ರೋಗ ತಗಲುತ್ತದೆ, ತಗಲಿದವನನ್ನು ನೆರೆಹೊರೆ ಹೇಗೆ ಕಾಣುತ್ತದೆ, ಅವನ ಮೈಯನ್ನು ಮುಟ್ಟುವ ಹಕ್ಕು ಯಾರದು, ಸತ್ತರೆ ಹೊರುವವರಾರು ಎಂಬ ಪ್ರಶ್ನೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಉತ್ತರ ಸಿಗುವುದಿಲ್ಲ.

ಈ ವಿಚಾರ ಹೊಸದಲ್ಲ. 1848ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಅಪ್ಪರ್ ಸೈಲೀಸಿಯಾ ಪ್ರಾಂತದ ಜ್ವರವನ್ನು ಪರಿಶೀಲಿಸಲು ಹೋಗಿ, ಬಡತನ, ಅವಿದ್ಯೆ ಮತ್ತು ದುರಾಡಳಿತಗಳೇ ಅದರ ಬೇರುಗಳೆಂದು ವರದಿ ಮಾಡಿದನು. 1951ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ರೋಗಿಯಾಗುವುದೂ ಸಮಾಜ ಗೊತ್ತುಮಾಡಿದ ಒಂದು ಪಾತ್ರವೆಂದು ವಿವರಿಸಿದನು: ರೋಗಿಗೆ ದುಡಿಮೆಯಿಂದ ಬಿಡುವು ಉಂಟು, ಆದರೆ ಗುಣವಾಗಲು ಯತ್ನಿಸುವ ಹೊಣೆಯೂ ಉಂಟು. ಫ್ರಾನ್ಸಿನ ಮಿಶೆಲ್ ಫೂಕೋ 1963ರಲ್ಲಿ ಆಸ್ಪತ್ರೆಯ ಹುಟ್ಟನ್ನು ಕುರಿತು, 1976ರಿಂದ ಲೈಂಗಿಕತೆಯ ಚರಿತ್ರೆಯನ್ನು ಕುರಿತು ಬರೆದು, ಆಧುನಿಕ ಪ್ರಭುತ್ವ ಮನುಷ್ಯದೇಹವನ್ನು ನೋಡುವ, ಎಣಿಸುವ, ವಿಂಗಡಿಸುವ ಬಗೆಯನ್ನು ತೋರಿಸಿದನು. ಈ ತತ್ತ್ವಗಳನ್ನು ವಿಸ್ತರಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ನಾವು ಬಾಳುತ್ತಿರುವ ಈ ಮುಂಬಯಿಯಲ್ಲಿಯೇ ನಡೆದ, ಕನ್ನಡ ನಾಡಿನ ಬದುಕನ್ನೂ ಸಾಹಿತ್ಯವನ್ನೂ ಮುಟ್ಟಿದ ಒಂದು ಘಟನೆಯ ಮೂಲಕ ಅವುಗಳನ್ನು ಪರೀಕ್ಷಿಸುವುದು ಇಲ್ಲಿಯ ಪ್ರಯತ್ನ.

1

1896ರ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿ ಬಂದರಿಗೆ ಹೊಂದಿಕೊಂಡ ಮಾಂಡವಿ ಭಾಗದಲ್ಲಿ ಜ್ವರದಿಂದ ನರಳುತ್ತಿದ್ದ ರೋಗಿಗಳನ್ನು ಗೋವೆಯ ಮೂಲದ ವೈದ್ಯ ಡಾ. ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಪರೀಕ್ಷಿಸಿದರು. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಎದ್ದ ಗಡ್ಡೆಗಳನ್ನು ಕಂಡು ಅದು ಪ್ಲೇಗ್ ಎಂದು ಗುರುತಿಸಿದರು. ಎರಡು ವರ್ಷಗಳ ಹಿಂದೆ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದನು. ಆದುದರಿಂದ ರೋಗ ಯಾವುದೆಂಬ ಬಗ್ಗೆ ವಿಜ್ಞಾನಕ್ಕೆ ಹೆಚ್ಚು ಕಾಲ ಸಂದೇಹ ಉಳಿಯುವಂತಿರಲಿಲ್ಲ. ಆದರೆ ಬಂದರಿನ ನಗರಕ್ಕೆ ಪ್ಲೇಗ್ ಎಂಬ ಹೆಸರು ಬಿದ್ದರೆ ಹಡಗುಗಳು ನಿಲ್ಲುತ್ತವೆ, ವ್ಯಾಪಾರ ಕೆಡುತ್ತದೆ. ಹೆಸರಿಡುವುದಕ್ಕೇ ಮೊದಲ ಪ್ರತಿರೋಧ ಬಂದುದು ಹೀಗೆ.

ಹೆಸರು ಒಪ್ಪಿತವಾದ ಮೇಲೆ ಕಾರಣದ ಪ್ರಶ್ನೆ ಎದ್ದಿತು. ಇಲಿ ಮತ್ತು ಅದರ ಮೈಮೇಲಿನ ಚಿಗಟಗಳ ಮೂಲಕ ಪ್ಲೇಗ್ ಹರಡುತ್ತದೆಂದು ಪಾಲ್-ಲೂಯಿ ಸೀಮೋಂ ಹೇಳಿದ್ದು 1898ರಲ್ಲಿ. ಅದು ವ್ಯಾಪಕವಾಗಿ ಮಾನ್ಯವಾದುದು 1905ರ ಅನಂತರ ಮುಂಬಯಿಯಲ್ಲಿಯೇ ನಡೆದ ಪ್ರಯೋಗಗಳ ತರುವಾಯ. ಅಲ್ಲಿಯವರೆಗೆ ರೋಗ ಕೊಳಕಿನಲ್ಲಿದೆ, ಕೆಟ್ಟ ಗಾಳಿಯಲ್ಲಿದೆ, ಮನುಷ್ಯನ ಮೈಯಲ್ಲಿದೆ, ಅವನ ಬಟ್ಟೆಬರೆಯಲ್ಲಿದೆ ಎಂಬ ನಂಬಿಕೆಗಳೇ ಆಡಳಿತವನ್ನು ನಡೆಸಿದವು. ಗಟಾರಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ದ್ರಾವಣವನ್ನೂ ಹಾಯಿಸಲಾಯಿತು. ಗಟಾರದ ಇಲಿಗಳು ಅದರಿಂದ ಮನೆಗಳೊಳಗೆ ನುಗ್ಗಿರಬಹುದೆಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಗಡ್ಡೆಪ್ಲೇಗು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಅಂಟುವುದಿಲ್ಲ. ಪುಪ್ಪುಸಕ್ಕೆ ತಗಲಿದ ಪ್ಲೇಗು ಮಾತ್ರ ಉಸಿರಿನಿಂದ ಹಬ್ಬುತ್ತದೆ. ಹಾಗಾದರೆ ಮನುಷ್ಯರನ್ನು ಹಿಡಿದು, ಬೇರ್ಪಡಿಸಿ, ಪರೀಕ್ಷಿಸಿದ ಆ ಕಠಿಣ ಕ್ರಮಗಳ ಬಹುಪಾಲು ತಪ್ಪು ಗುರಿಯನ್ನು ಹಿಡಿದಿತ್ತು. ತಿಳಿವಳಿಕೆ ಅಪೂರ್ಣವಾಗಿದ್ದಾಗ ಎಲ್ಲಿ ಹುಡುಕಬೇಕೆಂಬುದನ್ನು ವಿಜ್ಞಾನ ನಿರ್ಧರಿಸಲಿಲ್ಲ; ಮೊದಲೇ ಇದ್ದ ಭಯ ಮತ್ತು ತಾತ್ಸಾರಗಳು ನಿರ್ಧರಿಸಿದವು. ಬಡವನ ಮೈ, ಪರಜನಾಂಗದವನ ಮನೆ ಸಹಜವಾಗಿಯೇ ಸಂಶಯದ ತಾಣಗಳಾದವು.

ಸಾವು ಎಲ್ಲರ ಮನೆಗೂ ಸಮನಾಗಿ ಬರಲಿಲ್ಲ ಎಂಬುದೂ ನಿಜ. ಮಾಂಡವಿ ಧಾನ್ಯದ ಗೋದಾಮುಗಳ ಪ್ರದೇಶ. ಗೋದಾಮಿನ ಕಾಳಿಗೆ ಇಲಿ, ಇಲಿಗೆ ಚಿಗಟ, ಚಿಗಟಕ್ಕೆ ಮಹಡಿಯ ಮೇಲೆ ಒತ್ತೊತ್ತಾಗಿ ಮಲಗಿದ ಮನುಷ್ಯ: ಇದು ರೋಗದ ದಾರಿ. ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಅನೇಕರು ಪಾಳಿಯ ಮೇಲೆ ಮಲಗುತ್ತಿದ್ದರು. ವಿಶಾಲವಾದ ಬಂಗಲೆಗಳಲ್ಲಿ, ಧಾನ್ಯದ ರಾಶಿಯಿಂದ ದೂರದಲ್ಲಿ ವಾಸಿಸುತ್ತಿದ್ದ ಯುರೋಪಿಯನ್ನರಲ್ಲಿ ಸಾವು ವಿರಳವಾಗಿತ್ತು. ವಾಸ್ತವದಲ್ಲಿ ಇದು ಮನೆಯ ಅಂತರ, ಜಾಗದ ಅಂತರ. ಆದರೆ ಆಡಳಿತದ ಬರಹಗಳಲ್ಲಿ ಇದು ಅಭ್ಯಾಸಗಳ ಅಂತರವಾಗಿ, ಶೀಲದ ಅಂತರವಾಗಿ ಮಾರ್ಪಟ್ಟಿತು. ಬಡತನದ ಪರಿಣಾಮ ಬಡವನ ಅಪರಾಧವಾಯಿತು.

1891ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 8,21,764. ಪ್ಲೇಗಿನ ಮೊದಲ ಚಳಿಗಾಲದಲ್ಲಿಯೇ ಸುಮಾರು ಅರ್ಧದಷ್ಟು ಜನ ಊರು ಬಿಟ್ಟರೆಂದು ಆ ಕಾಲದ ಅಂದಾಜುಗಳು ಹೇಳುತ್ತವೆ. ಹಲವರು ಮರಳಿ ಬಂದರೂ 1901ರ ಗಣತಿಯಲ್ಲಿ ಸಂಖ್ಯೆ 7,76,006ಕ್ಕೆ ಇಳಿದಿತ್ತು. ಮುಂದಿನ ಎರಡು ದಶಕಗಳಲ್ಲಿ ಇಡೀ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು.

2

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಕೆಲವೇ ಕಲಮುಗಳ ಪುಟ್ಟ ಕಾಯಿದೆ ಅದು. ರೈಲಿನಲ್ಲಿಯೋ ಬೇರೆ ರೀತಿಯಲ್ಲಿಯೋ ಪ್ರಯಾಣ ಮಾಡುವವರನ್ನು ಪರೀಕ್ಷಿಸಲು, ರೋಗಶಂಕೆಯುಳ್ಳವರನ್ನು ಪ್ರತ್ಯೇಕಿಸಲು ಅದು ಸರಕಾರಕ್ಕೆ ಅಧಿಕಾರ ಕೊಟ್ಟಿತು. ಆಜ್ಞೆ ಮೀರಿದವರಿಗೆ ಶಿಕ್ಷೆಯನ್ನೂ, ಆಜ್ಞೆ ನಡೆಸಿದ ಅಧಿಕಾರಿಗಳಿಗೆ ರಕ್ಷಣೆಯನ್ನೂ ವಿಧಿಸಿತು. ರೋಗಿಗೆ ಇರುವ ಹಕ್ಕುಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮುಂಬಯಿಯಲ್ಲಿ ಬ್ರಿಗೇಡಿಯರ್ ಜನರಲ್ ಗ್ಯಾಟೇಕರ್, ಪುಣೆಯಲ್ಲಿ ವಾಲ್ಟರ್ ಚಾರ್ಲ್ಸ್ ರ್‍ಯಾಂಡ್ ಪ್ಲೇಗ್ ಸಮಿತಿಗಳ ಮುಖ್ಯಸ್ಥರಾದರು. ಪುಣೆಯಲ್ಲಿ ಗೋರಾ ಸೈನಿಕರೇ ಮನೆಮನೆಗೆ ನುಗ್ಗಿ ಶೋಧ ನಡೆಸಿದರು. ದೇವರ ಕೋಣೆ, ಅಡುಗೆಮನೆ, ಬಾಣಂತಿಯ ಕೋಣೆ ಎಂಬ ಭೇದ ಉಳಿಯಲಿಲ್ಲ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಗಡ್ಡೆಗಳಿಗಾಗಿ ಮೈ ತಡವಿ ನೋಡಿದರು. ಪ್ಲೇಗಿನ ಗಡ್ಡೆ ಏಳುವುದು ತೊಡೆಸಂದಿಯಲ್ಲಿ, ಕಂಕುಳಲ್ಲಿ, ಕತ್ತಿನಲ್ಲಿ. ಗಂಡನ ಎದುರಿನಲ್ಲಿಯೂ ಸೆರಗು ಜಾರದಂತೆ ನಡೆದುಕೊಳ್ಳಬೇಕೆಂದು ಕಲಿತ ಹೆಣ್ಣನ್ನು ಸಾರ್ವಜನಿಕ ಜಾಗದಲ್ಲಿ ಪರಪುರುಷ ಅಲ್ಲಿಯೇ ಮುಟ್ಟಿ ನೋಡುವುದೆಂದರೆ, ಆ ಕಾಲದ ದೃಷ್ಟಿಯಲ್ಲಿ ಅದು ಸಾವಿಗಿಂತ ದೊಡ್ಡ ಆಪತ್ತು. 1898ರ ಮಾರ್ಚ್ 9ರಂದು ಮುಂಬಯಿಯಲ್ಲಿ ನೇಕಾರ ಮುಸಲ್ಮಾನರ ಬೀದಿಯಲ್ಲಿ ದೊಡ್ಡ ಗಲಭೆಯಾಯಿತು. ಕಾಯಿಲೆ ಮಲಗಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಬಂದವರನ್ನು ಜನ ತಡೆದುದೇ ಅದಕ್ಕೆ ಕಾರಣ.

ಹೆಣ್ಣಿನ ದೇಹದ ಮೇಲೆ ವೈದ್ಯಕೀಯದ ಹೆಸರಿನಲ್ಲಿ ಕಾನೂನು ಕೈಯಿಟ್ಟದ್ದು ಇದೇ ಮೊದಲಲ್ಲ. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯೆಂಬ ಮತ್ತೊಂದು ಕಾನೂನು ವೇಶ್ಯೆಯರ ಹೆಸರನ್ನು ದಾಖಲಿಸಿ, ನಿಯತವಾಗಿ ಅವರ ಗುಪ್ತಾಂಗಗಳನ್ನು ಪರೀಕ್ಷಿಸಿ, ರೋಗವಿದ್ದರೆ 'ಲಾಕ್ ಆಸ್ಪತ್ರೆ'ಗಳಲ್ಲಿ ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಸಿಪಾಯಿಗಳ ಆರೋಗ್ಯ ಕಾಪಾಡುವುದು ಅದರ ಗುರಿ. ಆದರೆ ಅಲ್ಲಿಗೆ ಹೋಗುತ್ತಿದ್ದ ಗಂಡಸಿಗೆ ಅಂಥ ಪರೀಕ್ಷೆಯನ್ನು ಆ ಕಾನೂನು ವಿಧಿಸಲಿಲ್ಲ. ಬೇನೆ ಇಬ್ಬರ ನಡುವಿನದು. ಕಳಂಕ ಮಾತ್ರ ಒಬ್ಬಳದು. 1888ರಲ್ಲಿ ಆ ಕಾನೂನು ರದ್ದಾಯಿತು. ಅದರ ಹಿಂದಿನ ದೃಷ್ಟಿ ರದ್ದಾಗಲಿಲ್ಲ.

ಪುಣೆಯ ಪ್ರಸಂಗದಲ್ಲಿ ಈ ಕಳಂಕದ ಬಲವನ್ನು ನೇರವಾಗಿ ಕಾಣಬಹುದು. 1897ರಲ್ಲಿ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು, ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಇಬ್ಬರು ಸ್ತ್ರೀಯರ ಮಾನಭಂಗ ಮಾಡಿದರೆಂದು ಹೇಳಿಕೆ ಕೊಟ್ಟರು. ಸ್ವದೇಶಕ್ಕೆ ಮರಳಿದ ಮೇಲೆ ಸಾಕ್ಷ್ಯ ದೊರೆಯದೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ಇಂದು ತೀರ್ಮಾನಿಸಲಾಗದು. ಆದರೆ ಅಂಥ ಸಂಗತಿ ನಡೆದಿದ್ದರೂ ಯಾವ ಹೆಣ್ಣು ಮುಂದೆ ಬಂದು ಹೇಳಬಲ್ಲವಳಾಗಿದ್ದಳು ಎಂಬ ಪ್ರಶ್ನೆ ಉಳಿಯುತ್ತದೆ. ಹೇಳಿದವಳು ಗಂಡನ ಮನೆಯಲ್ಲಿ ಉಳಿಯುವಂತಿರಲಿಲ್ಲ. ಇದೇ ವರ್ಷ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ದುಃಸ್ಥಿತಿಯನ್ನು ಪತ್ರಿಕೆಯ ಮೂಲಕ ಬಯಲಿಗೆಳೆದವರು ಪಂಡಿತಾ ರಮಾಬಾಯಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಅವರು ಕನ್ನಡ ನೆಲದ ಮಗಳು. ಸಂಪ್ರದಾಯಸ್ಥರೂ ಆಳರಸರೂ ಏಕಕಾಲದಲ್ಲಿ ಮುನಿಸಿಕೊಂಡ ಧ್ವನಿ ಅವರದು.

1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡನ ಮೇಲೆ ಗುಂಡು ಹಾರಿಸಿದರು. ರಾಷ್ಟ್ರೀಯ ಚಳವಳಿಯ ಚರಿತ್ರೆ ಈ ಘಟನೆಯನ್ನು ಚೆನ್ನಾಗಿ ನೆನಪಿಟ್ಟಿದೆ. ಆದರೆ ಆ ಕಥನದಲ್ಲಿ ಹೆಣ್ಣಿನ ಮೈ ಜನಾಂಗದ ಮಾನದ ಸಂಕೇತವಾಗಿ ಬರುತ್ತದೆಯೇ ಹೊರತು, ಜ್ವರದಲ್ಲಿ ಬೇಯುತ್ತಿದ್ದ, ಔಷಧಿ ಬೇಕಾಗಿದ್ದ ಮೈಯಾಗಿ ಬರುವುದಿಲ್ಲ. ಪ್ರಭುತ್ವಕ್ಕೆ ಅದು ಶಂಕಿತ ದೇಹ. ಪ್ರತಿಭಟಿಸಿದವರಿಗೆ ಅದು ರಕ್ಷಿಸಬೇಕಾದ ಆಸ್ತಿ. ಆ ಹೆಣ್ಣಿನ ಸ್ವಂತ ಮಾತು ಎರಡೂ ಕಡೆಯ ದಾಖಲೆಗಳಲ್ಲಿ ಇಲ್ಲ.

3

ಆಸ್ಪತ್ರೆ ಎಂದರೆ ಜಾತಿ ಕೆಡುವ ಜಾಗ ಎಂಬ ಭಯ ಅಂದು ವ್ಯಾಪಕವಾಗಿತ್ತು. ಅಲ್ಲಿ ಯಾರು ನೀರು ಕೊಡುವರೋ, ಯಾರ ಪಕ್ಕದ ಹಾಸಿಗೆಯೋ ತಿಳಿಯದು. ಹೋದವರು ಮರಳುವುದಿಲ್ಲ ಎಂಬ ವದಂತಿಯೂ ಇತ್ತು. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಮುಂಬಯಿಯ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿಮಾಡಿತು. ಕಡೆಗೆ ಸರಕಾರ ಒಂದು ಹೊಂದಾಣಿಕೆಗೆ ಬಂದಿತು. ಆಯಾ ಕೋಮಿನವರು ತಮ್ಮದೇ ಪ್ಲೇಗ್ ಆಸ್ಪತ್ರೆಗಳನ್ನು ಕಟ್ಟಿಕೊಳ್ಳಲು ಅನುಮತಿಯಿತ್ತಿತು. ಪಾರ್ಸಿಗಳು, ಖೋಜಾಗಳು, ಜೈನರು ಮೊದಲಾದವರ ಪ್ರತ್ಯೇಕ ಆಸ್ಪತ್ರೆಗಳು ಎದ್ದವು. ಜನರ ಭಯ ಇದರಿಂದ ತಗ್ಗಿತು, ಹೆಚ್ಚು ರೋಗಿಗಳು ಚಿಕಿತ್ಸೆಗೆ ಬಂದರು ಎಂಬುದು ನಿಜ. ಆದರೆ ಹಣವುಳ್ಳ ಕೋಮಿಗೆ ಆಸ್ಪತ್ರೆ ದೊರೆಯಿತು; ಹಣವಿಲ್ಲದ, ಅಸ್ಪೃಶ್ಯರೆನಿಸಿದ ಜನರಿಗೆ ಸರಕಾರಿ ಶೆಡ್ಡುಗಳೇ ಗತಿಯಾದವು. ಚಿಕಿತ್ಸೆಯ ಕಟ್ಟಡದ ನಕ್ಷೆಯನ್ನೂ ಜಾತಿಯೇ ಬರೆಯಿತು.

ಈ ಹಿನ್ನೆಲೆಯಲ್ಲಿ ಸಾವಿತ್ರಿಬಾಯಿ ಫುಲೆಯವರ ಕೊನೆಯ ದಿನಗಳನ್ನು ನೆನೆಯಬೇಕು. ಅವರ ದತ್ತುಪುತ್ರ ಯಶವಂತರು ಪುಣೆಯ ಹೊರವಲಯದಲ್ಲಿ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಅಸ್ಪೃಶ್ಯರೆನಿಸಿದ ಕುಟುಂಬದ ರೋಗಗ್ರಸ್ತ ಬಾಲಕನೊಬ್ಬನನ್ನು ಸಾವಿತ್ರಿಬಾಯಿಯವರು ತಾವೇ ಹೊತ್ತು ತಂದರೆಂದೂ, ಆ ಸೇವೆಯಲ್ಲಿಯೇ ರೋಗ ತಗಲಿತೆಂದೂ ಅವರ ಚರಿತ್ರೆಗಳು ಹೇಳುತ್ತವೆ. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು. ರೋಗದ ಭಯ, ಜಾತಿಯ ಭಯ ಎರಡೂ ಕೂಡಿ ಯಾರನ್ನು ಮುಟ್ಟಬಾರದೆಂದವೋ ಅವನನ್ನೇ ಮುಟ್ಟಿದ ಕೃತ್ಯವದು. ಕನ್ನಡದಲ್ಲಿ 'ಮುಟ್ಟು' ಎಂಬ ಒಂದೇ ಮಾತು ಸ್ಪರ್ಶವನ್ನೂ, ಹೆಣ್ಣಿನ ತಿಂಗಳ ರಜಸ್ಸನ್ನೂ, 'ಮುಟ್ಟುಚಟ್ಟು' ಎಂಬಲ್ಲಿ ಮೈಲಿಗೆಯನ್ನೂ ಹೇಳುತ್ತದೆ. ದೇಹವನ್ನು ಕುರಿತ ನಮ್ಮ ಸಾಮಾಜಿಕ ನಿಯಮಗಳೆಲ್ಲ ಈ ಒಂದು ಧಾತುವಿನ ಸುತ್ತ ನೆರೆದಿರುವುದು ಆಕಸ್ಮಿಕವಲ್ಲ.

4

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮುಂಬಯಿಯ ಆಜ್ಞೆಗಳು ಅಲ್ಲಿಯೂ ನಡೆಯುತ್ತಿದ್ದವು; ಮುಂಬಯಿಯ ರೋಗವೂ ರೈಲುಹಾದಿ ಹಿಡಿದು ಅಲ್ಲಿಗೆ ಹೋಯಿತು. ರೈಲ್ವೆ ಕೂಡುನೆಲೆಯಾದ ಹುಬ್ಬಳ್ಳಿ ತೀವ್ರವಾಗಿ ನರಳಿತು. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಹಾಕಿಸಿಕೊಂಡರು. ಬಲವಂತಕ್ಕೆ ಕಲ್ಲು ಎಸೆದ ಜನರೇ ಮನವೊಲಿಸಿದಾಗ ತೋಳು ಚಾಚಿದರು ಎಂಬುದು ಗಮನಾರ್ಹ. ಜನರ ವಿರೋಧವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ವಾಡಿಕೆ ಬೆಳೆಯಿತು. ವಿಜ್ಞಾನಿಗಳು ಚಿಗಟವನ್ನು ಒಪ್ಪುವ ಮುಂಚೆಯೇ ಜನ ಸತ್ತ ಇಲಿಯನ್ನು ಎಚ್ಚರಿಕೆಯ ಗಂಟೆಯಾಗಿ ಗುರುತಿಸಿದ್ದರು. ಅದೇ ಜನ ಪ್ಲೇಗಿಗೆ ಗುಡಿಯನ್ನೂ ಕಟ್ಟಿದರು. 'ಪ್ಲೇಗಮ್ಮ', 'ಪ್ಲೇಗ್ ಮಾರಮ್ಮ' ಎಂಬ ಹೆಸರಿನಲ್ಲಿ ಮಾರಿಯನ್ನು ಒಲಿಸಿಕೊಂಡರು. ಇಂಗ್ಲಿಷ್ ರೋಗದ ಹೆಸರಿಗೆ ಕನ್ನಡದ 'ಅಮ್ಮ' ಸೇರಿದಾಗ ಅಪರಿಚಿತ ಭಯವೊಂದು ಪರಿಚಿತ ಮನೆತನಕ್ಕೆ ಸೇರಿತು. ದೇವರೆಂದು ಒಪ್ಪಿಕೊಂಡಲ್ಲಿ ರೋಗಿ ಅಪರಾಧಿಯಾಗುವುದಿಲ್ಲ. ಅವನ ಮೈಯಲ್ಲಿ ಬಂದಿರುವುದು ಅತಿಥಿ. ಗುಡಿಸಲು ಹಾಕಿದ ವಿವೇಕ, ಗುಡಿ ಕಟ್ಟಿದ ನಂಬಿಕೆ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಇದ್ದವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆಯ ಹಿಂದೆಯೂ ಪ್ಲೇಗಿನ ನೆನಪಿದೆ. ಅಗಲ ಬೀದಿ, ಗಾಳಿ, ಬೆಳಕು ಆರೋಗ್ಯದ ಹೆಸರಿನಲ್ಲಿ ಬಂದವು; ನಿವೇಶನ ಕೊಳ್ಳಬಲ್ಲವರಿಗೆ ದಕ್ಕಿದವು. ಮುಂಬಯಿಯಲ್ಲಿ 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ಕೆಡವಿದ ಚಾಳುಗಳ ಬಡವರು ಇನ್ನೊಂದು ಇಕ್ಕಟ್ಟಾದ ಚಾಳಿಗೇ ಸರಿದರು.

5

ಕನ್ನಡ ಸಾಹಿತ್ಯದಲ್ಲಿ ಪ್ಲೇಗಿನ ಸಾಮಾಜಿಕ ಅರ್ಥವನ್ನು ಅತ್ಯಂತ ಆಳವಾಗಿ ಶೋಧಿಸಿದ ಕೃತಿ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಈ ಕಾದಂಬರಿಯನ್ನು ಬ್ರಾಹ್ಮಣ್ಯದ ವಿಮರ್ಶೆಯಾಗಿ, ಅಸ್ತಿತ್ವವಾದದ ಕೃತಿಯಾಗಿ ನಾವು ಓದುತ್ತ ಬಂದಿದ್ದೇವೆ. ರೋಗದ ಕಥೆಯಾಗಿಯೂ ಅದನ್ನು ಓದಬಹುದು.

ಶಿವಮೊಗ್ಗೆಗೆ ಹೋಗಿ ಮರಳಿದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ದೂರ್ವಾಸಪುರದ ಅಗ್ರಹಾರ ಕೇಳುವ ಪ್ರಶ್ನೆ 'ಯಾವುದರಿಂದ ಸತ್ತ' ಎಂಬುದಲ್ಲ, 'ಯಾರು ಸಂಸ್ಕಾರ ಮಾಡಬೇಕು' ಎಂಬುದು. ಹೆಂಡ ಕುಡಿದ, ಮಾಂಸ ತಿಂದ, ಚಂದ್ರಿಯೊಡನೆ ಬಾಳಿದ ಆ ದೇಹ ಬ್ರಾಹ್ಮಣನದೋ ಅಲ್ಲವೋ ಎಂಬ ತರ್ಕ ನಡೆದಿರುವಾಗಲೇ ಇಲಿಗಳು ಬಂದು ಬಿದ್ದು ಸಾಯುತ್ತವೆ, ಹದ್ದುಗಳು ಮನೆಯ ಮಾಡಿನ ಮೇಲೆ ಕೂರುತ್ತವೆ. ಕಣ್ಣೆದುರಿಗಿನ ಲಕ್ಷಣಗಳನ್ನು ಅಗ್ರಹಾರ ಅಪಶಕುನವಾಗಿ, ಪ್ರೇತದ ಕೋಪವಾಗಿ ಓದುತ್ತದೆ. ದೇಹವನ್ನು ಜಾತಿಯ ಸದಸ್ಯನಾಗಿ ಮಾತ್ರ ಕಾಣಬಲ್ಲ ಸಮಾಜಕ್ಕೆ ದೇಹದ ರೋಗ ಕಾಣುವುದೇ ಇಲ್ಲ. ಇಲ್ಲಿ ಜ್ಞಾನದ ತಡೆ ಅಕ್ಷರದ ಕೊರತೆಯಿಂದ ಬಂದುದಲ್ಲ; ಅವರು ಶಾಸ್ತ್ರ ಬಲ್ಲವರೇ.

ಕಾದಂಬರಿಯಲ್ಲಿ ಎರಡು ಹೆಣ್ಣುದೇಹಗಳಿವೆ. ಪ್ರಾಣೇಶಾಚಾರ್ಯರ ಹೆಂಡತಿ ಭಾಗೀರಥಿ ಹುಟ್ಟುರೋಗಿಯಂತೆ ಬಾಳಿದವಳು. ಅವಳ ಬೇನೆ ಆಚಾರ್ಯರಿಗೆ ತಪಸ್ಸಾಗಿದೆ, ಪುಣ್ಯದ ಮೂಲವಾಗಿದೆ. ಆರೋಗ್ಯವಂತಳಾದ ಚಂದ್ರಿ ಕುಲದಿಂದಲೇ ಮೈಲಿಗೆ ಎನಿಸಿದವಳು. ರೋಗಿಯ ದೇಹ ಪವಿತ್ರ, ಆರೋಗ್ಯವಂತ ದೇಹ ಪಾಪದ್ದು ಎಂಬ ಈ ವಿಪರ್ಯಾಸದಲ್ಲಿ ಒಂದು ಸಮಾಜದ ಲೈಂಗಿಕ ನೀತಿಯೆಲ್ಲ ಅಡಕವಾಗಿದೆ. ಕಡೆಗೆ ಚಂದ್ರಿಯೇ ಮುಂದಾಗಿ, ಗಾಡಿಯವನು ಹಿಂಜರಿದ ಮೇಲೆ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣವನ್ನು ಸುಡಿಸುತ್ತಾಳೆ. ಮಡಿಯ ದೃಷ್ಟಿಯಿಂದ ಇದು ಅನಾಚಾರ. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಅಗ್ರಹಾರದಲ್ಲಿ ನಡೆದ ಸರಿಯಾದ ಕೆಲಸ ಅದೊಂದೇ.

6

ಇದೆಲ್ಲ ಮುಗಿದ ಚರಿತ್ರೆಯಲ್ಲ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಎಚ್‌ಐವಿ ಸೋಂಕನ್ನು ಮೊದಲು ಗುರುತಿಸಿದರು. ರಕ್ತಪರೀಕ್ಷೆ ನಡೆದದ್ದು ಲೈಂಗಿಕ ವೃತ್ತಿಯ ಸ್ತ್ರೀಯರಲ್ಲಿ. ಅದರ ಅನಂತರದ ವರ್ಷಗಳಲ್ಲಿ ರೋಗದ ಹೆಸರೇ ಅವರ ಹೆಸರಾಯಿತು. ಮುಂಬಯಿಯ ಕಾಮಾಠಿಪುರದಲ್ಲಿದ್ದವರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಾಪುರಗಳ ಕಡೆಯಿಂದ ದೇವದಾಸಿ ಪದ್ಧತಿಯ ಮೂಲಕ ಬಂದ ಕನ್ನಡತಿಯರೂ ಇದ್ದರು. ಮುಂಬಯಿ ಪ್ರಾಂತದಲ್ಲಿ 1934ರ, ಕರ್ನಾಟಕದಲ್ಲಿ 1982ರ ಕಾಯಿದೆಗಳು ಆ ಪದ್ಧತಿಯನ್ನು ನಿಷೇಧಿಸಿದ್ದರೂ ಬಡತನ ಅದನ್ನು ಜೀವಂತವಾಗಿಟ್ಟಿತ್ತು. ಮುಂಬಯಿ ಕನ್ನಡಿಗರೆಂದು ನಾವು ನಮ್ಮ ಸಾಧನೆಗಳನ್ನು ಎಣಿಸುವಾಗ ಈ ಹೆಣ್ಣುಮಕ್ಕಳು ಎಣಿಕೆಗೆ ಬರುವುದಿಲ್ಲ. ಅವರಿಂದ ಸೋಂಕು ಪಡೆದು ಊರಿನ ಹೆಂಡತಿಗೆ ಕೊಂಡೊಯ್ದ ಗಂಡಸಿಗೆ ಸಮಾಜ ಯಾವ ಹೆಸರನ್ನೂ ಇಡಲಿಲ್ಲ. ವಿಧವೆಯಾದ ಆ ಹೆಂಡತಿಯನ್ನೇ ಶಂಕಿಸಿತು. 1868ರ ಕಾನೂನಿನ ದೃಷ್ಟಿ ರದ್ದಾಗಲಿಲ್ಲವೆಂದು ಮೇಲೆ ಹೇಳಿದ್ದು ಈ ಅರ್ಥದಲ್ಲಿ.

1994ರ ಸೆಪ್ಟೆಂಬರಿನಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ಊರು ಬಿಟ್ಟರು. 2020ರ ಮಾರ್ಚಿಯಲ್ಲಿ ಕೊರೊನಾ ಬಂದಾಗ ಕರ್ನಾಟಕ, ಮಹಾರಾಷ್ಟ್ರ ಮೊದಲಾದ ರಾಜ್ಯಗಳು ಕೈಗೆತ್ತಿಕೊಂಡದ್ದು 1897ರ ಅದೇ ಕಾಯಿದೆಯನ್ನು. ಪ್ರತ್ಯೇಕವಾಸದಲ್ಲಿರಬೇಕಾದವರ ಕೈಮೇಲೆ ಮುದ್ರೆ ಒತ್ತಲಾಯಿತು. ಮನುಷ್ಯನ ಮೈಯೇ ಅವನ ವಿರುದ್ಧದ ದಾಖಲೆಯಾಯಿತು. ಮುಂಬಯಿಯ ಹೋಟೆಲು, ಕ್ಯಾಂಟೀನುಗಳು ಮುಚ್ಚಿ, ಸಂಬಳವೂ ವಸತಿಯೂ ಇಲ್ಲವಾದ ನಮ್ಮವರು ಆ ವರ್ಷದ ಮೇ ತಿಂಗಳಲ್ಲಿ ಉಡುಪಿ, ಮಂಡ್ಯ ಮೊದಲಾದ ಜಿಲ್ಲೆಗಳಿಗೆ ಮರಳಿದರು. ಅಲ್ಲಿ ಸೋಂಕಿನ ಸಂಖ್ಯೆ ಏರಿದುದು ನಿಜ. ಆದರೆ 'ಮುಂಬಯಿಯಿಂದ ಬಂದವರು' ಎಂಬ ಮಾತು ಕೆಲವೇ ದಿನಗಳಲ್ಲಿ ರೋಗದ ಇನ್ನೊಂದು ಹೆಸರಾಯಿತು. ವರ್ಷವರ್ಷವೂ ಊರಿನ ಜಾತ್ರೆಗೆ, ಶಾಲೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕಳಿಸಿದ ಕೈಯನ್ನು ಊರು ದೂರದಿಂದ ನೋಡಿತು. ಇದಕ್ಕಾಗಿ ಊರಿನವರನ್ನು ದೂಷಿಸುವುದು ಸುಲಭ. ಭಯಗೊಂಡ ಸಮಾಜ ಮೊದಲು ಒಂದು ಮೈಯನ್ನು ಹುಡುಕುತ್ತದೆ. ಅಂದು ಆ ಮೈ ನಮ್ಮದಾಗಿತ್ತು. ಕಾಮಾಠಿಪುರದ ಹೆಣ್ಣಿಗೆ ನಾವು ಮಾಡಿದ್ದನ್ನೇ ಊರು ನಮಗೆ ಮಾಡಿತು.

ರೋಗ ಸಮಾಜದ ಸೃಷ್ಟಿ ಎಂದರೆ ರೋಗಾಣು ಇಲ್ಲವೆಂದಾಗಲಿ, ಲಸಿಕೆ ಬೇಡವೆಂದಾಗಲಿ ಅರ್ಥವಲ್ಲ. ರೋಗಾಣುವಿನ ದಾರಿಯನ್ನು ಸಮಾಜವೇ ಹಾಸಿಕೊಡುತ್ತದೆ ಎಂಬುದು ಅದರ ತಾತ್ಪರ್ಯ: ಇಕ್ಕಟ್ಟಾದ ಕೋಣೆಯಿಂದ, ಮುಟ್ಟಬಾರದೆಂಬ ಕಟ್ಟಳೆಯಿಂದ, ಹೇಳಬಾರದೆಂಬ ನಾಚಿಕೆಯಿಂದ. ಆ ದಾರಿಯನ್ನು ಮುಚ್ಚದೆ ಕೇವಲ ದೇಹವನ್ನು ಹಿಡಿದು ಪರೀಕ್ಷಿಸಿದರೆ ಮಾಂಡವಿಯ ಗಟಾರ ತೊಳೆದಂತೆಯೇ ಆಗುತ್ತದೆ.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಬೇನೆಗಳಿಗೆ ನಮ್ಮ ಪ್ರದೇಶಭೇದಗಳಲ್ಲಿರುವ ಹೆಸರುಗಳು, ಪ್ಲೇಗಮ್ಮನ ಗುಡಿಗಳ ಹಾಡು ಆಚರಣೆಗಳು, ಊರು ಬಿಟ್ಟು ಗುಡಿಸಲಿಗೆ ಹೋದ ಅಜ್ಜ ಅಜ್ಜಿಯರ ಕಥೆಗಳು ಇನ್ನೂ ಪೂರ್ತಿ ಸಂಗ್ರಹವಾಗಿಲ್ಲ. 2020ರಲ್ಲಿ ಊರ ಹೊರಗಿನ ಶಾಲೆಯ ಕೋಣೆಯಲ್ಲಿ ಹದಿನಾಲ್ಕು ದಿನ ಕಳೆದ ಹೋಟೆಲು ಕೆಲಸಗಾರರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳಲು ದೊಡ್ಡ ಸಲಕರಣೆ ಬೇಡ. ಪುಣೆಯ ಪ್ಲೇಗಿನಲ್ಲಿ ನೊಂದ ಹೆಣ್ಣಿನ ಮಾತು ನಮಗೆ ದೊರೆಯಲಿಲ್ಲ. ನಮ್ಮ ಕಾಲದವರ ಮಾತು ದೊರೆಯದೆ ಹೋದರೆ ಆ ತಪ್ಪು ಆಳರಸರದೆನ್ನಲಾಗದು.